ಶರೋನ್ ಬರೆದ ಹನ್ನೊಂದು ಪಾಯಿಂಟ್ ಮೂರು

ಪ್ರೀತಿಯ ಮಾವನವರಿಗೆ, ನಿಮ್ಮ ಸೊಸೆ ಲಿಲ್ಲಿ ಮಾಡುವ ವಂದನೆಗಳು.

ನೀವಿದ್ದಾಗ ನಿಮಗೆ ಒಂದು ಚೀಟಿಯನ್ನೂ ಬರೆದವಳಲ್ಲ ನಾನು. ಒಂದೇ ಮನೆಯಲ್ಲಿರುವವರು ಕಾಗದ ಬರೆದರೆ ಮಾತು ಬಿಟ್ಟಿದ್ದಾರೆ ಎಂದೇ ಅರ್ಥ, ಮತ್ತು ನಾವಿಬ್ಬರೂ ಎಷ್ಟೇ ಜಗಳವಾಡಿದರೂ ಮಾತು ಮಾತ್ರ ಬಿಟ್ಟವರಲ್ಲ. ಈಗ ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಮನೆಯಲ್ಲಿ ಜಗಳಕ್ಕೆ ಜನವಿಲ್ಲ. ನಿಮ್ಮ ಮಗನ ಜೊತೆ ಶುರು ಮಾಡೋಣವೆಂದರೆ ಅವರು ಎಲ್ಲದಕ್ಕೂ "ಹ್ಞೂಂ" ಅನ್ನುತ್ತಾರೆ. ಹ್ಞೂಂ ಅನ್ನುವವರ ಹತ್ತಿರ ಎಷ್ಟು ಹೊತ್ತು ಅಂತ ಜಗಳವಾಡುವುದು? ಅದಕ್ಕೇ ಹೊಲಿಗೆ ಮಷೀನಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ನಿಮಗೊಂದು ವರದಿ ಒಪ್ಪಿಸಬೇಕು, ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು.

ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು "ಶನಿವಾರದ ಕ್ಲಾಸ್ ನಿಲ್ಲಿಸ್ಬೇಡಮ್ಮ" ಎಂದಿರಲ್ಲ, ನೆನಪಿದೆಯಾ? ಭದ್ರಾವತಿಯ ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ನೀವು ಇಪ್ಪತ್ತಾರು ವರ್ಷ ನಡೆಸಿದ ಕ್ಲಾಸು. ನಾನು "ಆಯ್ತು ಮಾವ" ಅಂದೆ. ಆ ಹೊತ್ತಿನಲ್ಲಿ ಬೇರೇನು ಹೇಳಲಿಕ್ಕಾಗುತ್ತಿತ್ತು? ಎರಡು ವಾರ ನಡೆಸಿ ನಮ್ಮ ಪಾದ್ರಿ ಅಯ್ಯನವರಿಗೆ ಒಪ್ಪಿಸಿಬಿಡೋಣ ಎಂದುಕೊಂಡಿದ್ದೆ, ನಿಜ ಹೇಳುತ್ತೇನೆ. ನಾನು ಸ್ಕೂಲ್ ಯೂನಿಫಾರಂ ಹೊಲಿಯುವವಳು. ಹದಿನಾರರ ಹುಡುಗರ ಪ್ಯಾಂಟಿನ ಅಳತೆ ಹೇಳು ಅಂದರೆ ಟೇಪಿಲ್ಲದೆ ಹೇಳಿಯೇನು, ಅವರ ನಂಬಿಕೆ ಗಟ್ಟಿ ಮಾಡು ಅಂದರೆ ನನ್ನಿಂದ... ಆದರೆ ನಮ್ಮ ಅಯ್ಯನವರನ್ನು ನೀವು ಬಲ್ಲಿರಿ. ಕಷ್ಟದ ವಿಷಯ ತೆಗೆದ ಕೂಡಲೇ "ಪ್ರಾರ್ಥನೆ ಮಾಡೋಣಮ್ಮ" ಎಂದು ಕಣ್ಣು ಮುಚ್ಚುತ್ತಾರೆ, ಕಣ್ಣು ತೆರೆದ ಮೇಲೆ ಬೇರೆ ವಿಷಯ ಮಾತಾಡುತ್ತಾರೆ. ಹಾಗಾಗಿ ಕ್ಲಾಸು ನನ್ನ ಕೊರಳಿಗೇ ಬಿತ್ತು.

ನೀವು ಪಾಠ ಮಾಡುತ್ತಿದ್ದ ಗಂಟಲು ನೆನಪಾದರೆ ಈಗಲೂ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಕಾರ್ಖಾನೆಯಲ್ಲಿ ಕ್ರೇನಿನ ಮೇಲೆ ಕೂತು ಕೆಳಗಿನವರಿಗೆ ಕೂಗಿ ಕೂಗಿ ನಿಮಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. "ವಿಶ್ವಾಸದಲ್ಲಿ ಗಟ್ಟಿಯಾಗಿ ನಿಂತ್ಕೊಳ್ರೋ" ಎಂದು ನೀವು ಗದರಿದರೆ ಎದುರಿನ ಬೇಕರಿಯವನೂ ಕೆಲಸ ಬಿಟ್ಟು ನಿಲ್ಲುತ್ತಿದ್ದ. ನನಗೆ ಆ ಗಂಟಲಿಲ್ಲ. ನಾನು ಮಾತಾಡಿದರೆ ಹಿಂದಿನ ಬೆಂಚಿನವರು ಮೊಬೈಲು ನೋಡುತ್ತಾರೆ, ಮುಂದಿನ ಬೆಂಚಿನವರು ಮರ್ಯಾದೆಗೆ ಆಕಳಿಕೆ ತಡೆದುಕೊಳ್ಳುತ್ತಾರೆ.

ಯುವಜನರ ಭಾನುವಾರ ನೀವು ಹಾಕಿಕೊಟ್ಟ ಪದ್ಧತಿಯಂತೆ ಈ ವರ್ಷವೂ ಮಕ್ಕಳಲ್ಲಿ ಒಬ್ಬರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕಿತ್ತು. ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂದು ನಾಲ್ಕು ಮಾತು, ಅಷ್ಟೇ. ತಾನೇ ಹೇಳುತ್ತೇನೆ ಎಂದು ಮುಂದೆ ಬಂದವನು ಜೋಯಲ್. ಸ್ತ್ರೀಯರ ಕೂಟದ ಮುಖ್ಯಸ್ಥೆ ಸುಶೀಲಕ್ಕನ ಮಗ, ಒಂಬತ್ತನೇ ಕ್ಲಾಸು, ನೀವು ಕೊನೆಗೆ ನೋಡಿದ್ದಕ್ಕಿಂತ ಒಂದು ಗೇಣು ಉದ್ದವಾಗಿದ್ದಾನೆ. ಹಿಂದಿನ ತಿಂಗಳಷ್ಟೇ ಹೊರಗಿನಿಂದ ಬಂದ ಬೋಧಕರೊಬ್ಬರು ತಾವು ಕುಡಿದು ಬೀದಿಯಲ್ಲಿ ಬಿದ್ದಿರುತ್ತಿದ್ದ ಕಾಲವನ್ನು ಹೇಳಿ ಇಡೀ ಸಭೆಯನ್ನು ಅಳಿಸಿ ಹೋಗಿದ್ದರು. ಜೋಯಲ್ ಮೈಕು ಹಿಡಿದು, "ಪ್ರಿಯರೇ, ಎರಡು ವರ್ಷಗಳ ಹಿಂದೆ ನಾನು ಮಹಾ ಕುಡುಕನಾಗಿದ್ದೆ" ಎಂದು ಶುರು ಮಾಡಿದ. ಮಾವ, ಎರಡು ವರ್ಷಗಳ ಹಿಂದೆ ಅವನಿಗೆ ಹನ್ನೆರಡು! ಹೆಂಡತಿ ಮಕ್ಕಳಿಗೆ ಹೊಡೆಯುತ್ತಿದ್ದೆ ಎಂಬಲ್ಲಿಗೆ ಬಂದಾಗ ಅವನಿಗೇ ಏನೋ ಅನುಮಾನವಾಗಿ, ಮನೆಯವರಿಗೆ ಎಂದು ತಿದ್ದಿಕೊಂಡ. ಕಿವಿ ಕೇಳದ ಅವನ ಅಜ್ಜಿ "ಸ್ತೋತ್ರ" ಎಂದು ಗಟ್ಟಿಯಾಗಿ ಹೇಳಿ ಕಣ್ಣೊರೆಸಿಕೊಂಡರು. ಸುಶೀಲಕ್ಕ ಆರಾಧನೆ ಮುಗಿಯುವ ತನಕ ತಲೆ ಎತ್ತಲಿಲ್ಲ, ಮುಗಿದ ಮೇಲೆ ಸೀದಾ ನನ್ನ ಹತ್ತಿರ ಬಂದು, "ನನ್ನ ಮಗ ಬಾದಾಮಿ ಹಾಲು ಬಿಟ್ಟು ಬೇರೇನು ಕುಡಿದಿದಾನೆ ಮಾರಾಯ್ತಿ? ನಿಮ್ಮ ಕ್ಲಾಸಲ್ಲಿ ಏನ್ ಹೇಳ್ಕೊಡ್ತೀರಾ?" ಎಂದು ಕೇಳಿದರು.

ಮುಂದಿನ ಶನಿವಾರ ಜೋಯಲ್‌ನನ್ನು ನಿಲ್ಲಿಸಿ ವಿಚಾರಣೆ ನಡೆಸಿದೆ. ಅವನು ಸ್ವಲ್ಪವೂ ನಾಚದೆ ತನ್ನ ಕಷ್ಟ ಹೇಳಿಕೊಂಡ. ಹುಟ್ಟಿದಾಗಿನಿಂದ ಚರ್ಚಿನಲ್ಲೇ ಬೆಳೆದಿದ್ದೇನೆ, ಮೊದಲು ಕೆಟ್ಟವನಾಗಿದ್ದರೆ ತಾನೇ ಆಮೇಲೆ ಒಳ್ಳೆಯವನಾಗಲಿಕ್ಕೆ ಆಗುವುದು, ನನ್ನ ಹತ್ತಿರ ಏನಿದೆ ಹೇಳಲಿಕ್ಕೆ ಎಂದ. ಉಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಇಡೀ ಕ್ಲಾಸೇ ತಮಗೆ ದೊಡ್ಡ ಪಾಪವೊಂದು ಇಲ್ಲವಲ್ಲ ಎಂಬ ಕೊರಗಿನಲ್ಲಿತ್ತು! ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಜೊತೆಗೆ ಎಲ್ಲಿಂದಲೋ ನಿಮ್ಮ ಗಂಟಲೂ ಬಂತು. "ಸಾಕ್ಷಿ ಅಂದ್ರೆ ಕಥೆ ಅಲ್ಲ ಕಣ್ರೋ. ಕಂಡಿದ್ದನ್ನ ಕಂಡ ಹಾಗೆ ಹೇಳೋದು. ಕಮ್ಮಿ ಇದ್ರೆ ಕಮ್ಮಿ, ಜಾಸ್ತಿ ಇದ್ರೆ ಜಾಸ್ತಿ. ಯಾರು ಹೆದರಿಸಿದ್ರೂ ಬದಲಾಯಿಸ್ಬಾರ್ದು." ಮುಕ್ಕಾಲು ಗಂಟೆ ಬೈದೆ, ಅಷ್ಟೂ ಹೊತ್ತು ಆ ಹುಡುಗನನ್ನು ಕೂರಲು ಬಿಡಲಿಲ್ಲ. ಮನೆಗೆ ಬಂದು ಮಾವ ಇದ್ದಿದ್ದರೆ ಭೇಷ್ ಅನ್ನುತ್ತಿದ್ದರು ಎಂದುಕೊಂಡು ಎರಡು ತಟ್ಟೆ ಪುಳಿಯೋಗರೆ ತಿಂದೆ.

ಆ ದಿನ ಕೊನೆಯ ಬೆಂಚಿನಲ್ಲಿ ಒಬ್ಬಳು ಮಾತ್ರ ನನ್ನ ಮಾತನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ನರ್ಸ್ ವಿಮಲಾಳ ಮಗಳು ಶರೋನ್. ಸೆಕೆಂಡ್ ಪಿಯುಸಿ ಸೈನ್ಸ್, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಾಳೆ. ವರ್ಷವಿಡೀ ಆ ಮಗು ಬಾಯಿ ಬಿಟ್ಟು ಹತ್ತು ಮಾತಾಡಿದ್ದಿಲ್ಲ. ನನ್ನ ಪಾಠವನ್ನು ಯಾರಾದರೂ ನಿಜವಾಗಿ ಕೇಳಿಸಿಕೊಂಡುಬಿಟ್ಟರೆ ಏನು ಗತಿ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಹತ್ತು ದಿನ ಕಳೆದಿರಬೇಕು, ವಿಮಲಾ ಡ್ಯೂಟಿ ಬಟ್ಟೆಯಲ್ಲೇ ಅಳುತ್ತ ನಮ್ಮ ಮನೆಗೆ ಬಂದಳು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ರಗಳೆಯಾಗಿತ್ತು. ಹೊಲಿಗೆಯವಳಿಗೆ ಅರ್ಥವಾದಷ್ಟು ಹೇಳುತ್ತೇನೆ. ಉದ್ದದ ಗಾಜಿನ ನಳಿಗೆಯಿಂದ ಒಂದು ದ್ರಾವಣವನ್ನು ಕೆಳಗಿನ ಫ್ಲಾಸ್ಕಿಗೆ ತೊಟ್ಟು ತೊಟ್ಟಾಗಿ ಬಿಡಬೇಕು. ಬಣ್ಣ ಗುಲಾಬಿಯಾದ ಕೂಡಲೇ ನಿಲ್ಲಿಸಿ, ಎಷ್ಟು ಇಳಿಯಿತು ಎಂದು ಗೆರೆ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಆದರೆ ಯಾರೂ ಗೆರೆ ನೋಡುವುದಿಲ್ಲವಂತೆ. ಹಿಂದಿನ ವರ್ಷದವರ ರೆಕಾರ್ಡಿನಲ್ಲಿ ಒಂಬತ್ತು ಪಾಯಿಂಟ್ ಎಂಟು ಎಂ.ಎಲ್. ಎಂದಿದೆ, ಅವರು ಅದರ ಹಿಂದಿನವರದ್ದನ್ನು ನೋಡಿದ್ದಾರೆ, ಇವರೂ ಅದನ್ನೇ ಇಳಿಸುತ್ತಾರೆ. ಶರೋನ್‌ಗೆ ಮೂರು ಸಲ ಮಾಡಿದರೂ ಹನ್ನೊಂದು ಪಾಯಿಂಟ್ ಮೂರು ಬಂತು. ಅವಳು ಅದನ್ನೇ ಬರೆದಳು. ಕೆಮಿಸ್ಟ್ರಿ ಮೇಡಂ ತಿದ್ದು ಅಂದರೂ ತಿದ್ದಲಿಲ್ಲ. ಮೇಡಂ ರೆಕಾರ್ಡಿಗೆ ಸಹಿ ಹಾಕುವುದಿಲ್ಲ ಎಂದರು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಹಾಗಿಲ್ಲ, ಕೂರದಿದ್ದರೆ ಒಂದು ವರ್ಷವೇ ಹೋಯಿತು.

ಅದೇ ಸಂಜೆ ಶರೋನ್‌ಳನ್ನು ಕರೆಸಿದೆ. ಟೀ ಕೊಟ್ಟೆ, ಬನ್ ಕೊಟ್ಟೆ. ಮಾವ, ಇಲ್ಲಿಂದ ಮುಂದಿನದನ್ನು ನೀವು ಕಣ್ಣು ಮುಚ್ಚಿಕೊಂಡು ಓದಿದರೆ ಒಳ್ಳೆಯದು. ನಿಮ್ಮ ಕ್ಲಾಸಿನ ಟೀಚರಮ್ಮನಾದ ನಾನು ಆ ಮಗುವಿಗೆ, ಒಂದು ಸಲ ಬರೆದುಬಿಡಮ್ಮ, ದೇವರಿಗೆ ಕೆಮಿಸ್ಟ್ರಿ ಗೊತ್ತಿಲ್ವಾ, ಅವನು ಅರ್ಥ ಮಾಡಿಕೊಳ್ಳುತ್ತಾನೆ ಎಂದು ಹೇಳಿದೆ. ವರ್ಷ ಹಾಳಾದರೆ ನಿನ್ನಮ್ಮ ಏನು ಮಾಡಬೇಕು ಎಂದೂ ಕೇಳಿದೆ. ಅವಳು ಬನ್ನನ್ನು ತಟ್ಟೆಯಲ್ಲಿಟ್ಟಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಹಾಗಾದ್ರೆ ಜೋಯಲ್‌ಗೆ ಸಾರಿ ಹೇಳಿ ಆಂಟಿ," ಎಂದಳು.

ಅವಳು ಹೋದ ಮೇಲೆ ಮಷೀನಿನ ಮುಂದೆ ಕೂತೆ. ಮೊದಲು ಸಿಟ್ಟು ಬಂತು, ಎಷ್ಟು ಕೊಬ್ಬು ಈ ಕಾಲದ ಮಕ್ಕಳಿಗೆ ಎಂದು ನಿಮ್ಮ ಮಗನಿಗೆ ಹೇಳಿದೆ. ಅವರು ಹ್ಞೂಂ ಅಂದರು. ಆಮೇಲೆ ಅಲ್ಲೇ ಇದ್ದ ಯೂನಿಫಾರಂ ಅಂಗಿಗೆ ಎರಡೂ ಎಡತೋಳುಗಳನ್ನೇ ಹೊಲಿದಿಟ್ಟೆ. ಹದಿಮೂರನೇ ವಯಸ್ಸಿಗೆ ಅವಳನ್ನು ಕ್ಲಾಸಿಗೆ ಸೇರಿಸಿಕೊಂಡವರು ನೀವು, ಹದಿನೇಳಕ್ಕೆ ಅವಳಿಗೆ ಸುಳ್ಳು ಬರೆ ಎಂದವಳು ನಾನು. ನಾಚಿಕೆಯಾಯಿತು ಮಾವ. ನೀವು ಬಯ್ಯಲಿಕ್ಕಾದರೂ ಇರಬೇಕಿತ್ತು.

ಮರುದಿನ ಗಂಜಿ ಹಾಕಿದ ಸೀರೆ ಉಟ್ಟು ಶಿವಮೊಗ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೇಡಂಗೆ ಹೇಳಬೇಕಾದ ಭಾಷಣ ಅಭ್ಯಾಸ ಮಾಡಿದೆ, ಪಕ್ಕದಲ್ಲಿದ್ದ ಹೆಂಗಸು ಹೆದರಿ ಸೀಟು ಬದಲಾಯಿಸಿದಳು. ಕಾಲೇಜಿನಲ್ಲಿ ಆ ಭಾಷಣದ ಒಂದು ಮಾತೂ ಬಾಯಿಗೆ ಬರಲಿಲ್ಲ. ಹುಡುಗಿಯದೇನೂ ತಪ್ಪಿಲ್ಲ ಮೇಡಂ, ಹೇಳಿಕೊಟ್ಟವಳು ನಾನು, ನನಗೆ ಬೈಯಿರಿ ಎಂದುಬಿಟ್ಟೆ. ಕೆಮಿಸ್ಟ್ರಿ ಮೇಡಂ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹಾಗಾದರೆ ಇದನ್ನೂ ನೋಡಿ ಎಂದು ಮೇಜಿನ ಮೇಲೆ ಐದು ರೆಕಾರ್ಡು ಹಾಕಿದರು. ಶರೋನ್ ಪಕ್ಕ ಕೂರುವ ಆಯನೂರಿನ ಸವಿತಾ ಹನ್ನೊಂದು ಪಾಯಿಂಟ್ ಎರಡು ಬರೆದಿದ್ದಳು. ಅವಳ ಹಿಂದಿನ ಇಬ್ಬರು ಹುಡುಗರು, ಆಚೆ ಬೆಂಚಿನ ಇನ್ನಿಬ್ಬರು, ಎಲ್ಲರದ್ದೂ ಹನ್ನೊಂದರ ಆಸುಪಾಸೇ. ಯಾಕ್ರೋ ಅಂದರೆ, ಶರೋನ್ ಬರೆದಳಲ್ಲ ಮೇಡಂ, ನಮಗೂ ಬಂದಿದ್ದು ಅಷ್ಟೇ, ಬರೆಯಲಿಕ್ಕೆ ಹೆದರಿಕೆಯಿತ್ತು ಎಂದರಂತೆ.

ಮೇಡಂ ನನ್ನನ್ನೂ ಲ್ಯಾಬಿಗೆ ಕರೆದುಕೊಂಡು ಹೋದರು. ಅವರ ವ್ಯಾನಿಟಿ ಬ್ಯಾಗು ನನ್ನ ಕೈಯಲ್ಲಿ, ನಳಿಗೆ ಅವರ ಕೈಯಲ್ಲಿ. ನನ್ನ ಜನ್ಮದಲ್ಲಿ ಅಷ್ಟು ಮನಸ್ಸಿಟ್ಟು ನಾನು ನೀರು ತೊಟ್ಟಿಕ್ಕುವುದನ್ನು ನೋಡಿದ್ದಿಲ್ಲ. ಒಂಬತ್ತು ಪಾಯಿಂಟ್ ಎಂಟಕ್ಕೆ ಏನೂ ಆಗಲಿಲ್ಲ. ಹತ್ತು ದಾಟಿತು, ಹನ್ನೊಂದು ದಾಟಿತು, ಗುಲಾಬಿ ಬಂತು. ಹನ್ನೊಂದು ಪಾಯಿಂಟ್ ಮೂರು. ಬಾಟಲಿಯಲ್ಲಿದ್ದ ದ್ರಾವಣವೇ ಹದ ತಪ್ಪಿ ತೆಳುವಾಗಿತ್ತು. ಅವರು ಮೆಲ್ಲಗೆ, "ನಾನೂ ಎಷ್ಟು ವರ್ಷದಿಂದ ಗೆರೆ ನೋಡಿರ್ಲಿಲ್ಲ ರೀ," ಎಂದರು. ಶರೋನ್‌ಳ ರೆಕಾರ್ಡಿಗೆ ಅಲ್ಲೇ ಸಹಿ ಬಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಗುವಿಗೆ ಕ್ಲಾಸಿನವರು ಹಾರ ಹಾಕುತ್ತಾರೆ ಎಂದೇ ನಾನು ಕನಸು ಕಾಣುತ್ತಿದ್ದೆ. ಆದದ್ದು ಬೇರೆ. ಮೇಡಂ ಹೊಸ ದ್ರಾವಣ ಮಾಡಿಸಿ, ಇಡೀ ಕ್ಲಾಸು ಪ್ರಯೋಗವನ್ನು ಮೊದಲಿನಿಂದ ಮಾಡಬೇಕು, ನಾನೇ ಪಕ್ಕದಲ್ಲಿ ನಿಂತು ಗೆರೆ ನೋಡುತ್ತೇನೆ ಎಂದುಬಿಟ್ಟರು. ಅರವತ್ತು ಮಕ್ಕಳು ಶರೋನ್‌ಳನ್ನು ಶಪಿಸಿದರು. ಸವಿತಾ ಒಬ್ಬಳನ್ನು ಬಿಟ್ಟು ಎರಡು ದಿನ ಯಾರೂ ಅವಳ ಜೊತೆ ಊಟಕ್ಕೆ ಕೂರಲಿಲ್ಲವಂತೆ. ಬೇಜಾರಾಯಿತಾ ಎಂದು ಕೇಳಿದರೆ, ಆಯಿತು ಎಂದಳು. ಇನ್ನೊಂದು ಸಲ ಹೀಗಾದರೆ ಎಂದದ್ದಕ್ಕೆ, ಇನ್ನೊಂದು ಸಲವೂ ಬೇಜಾರಾಗುತ್ತದೆ ಆಂಟಿ, ಬರೆಯುವುದು ಮಾತ್ರ ಬಂದದ್ದನ್ನೇ ಎಂದಳು.

ನಿನ್ನೆ ಶನಿವಾರ ನಾನು ಎರಡು ಕೆಲಸ ಮಾಡಬೇಕೆಂದು ಕೋಣೆಗೆ ಹೋದೆ. ಜೋಯಲ್‌ಗೆ ಸಾರಿ ಹೇಳುವುದು, ಕ್ಲಾಸು ಬಿಡುವುದು. ಮೊದಲನೆಯದನ್ನು ಎಲ್ಲರ ಎದುರಿಗೆ ಎದ್ದು ನಿಂತೇ ಹೇಳಿದೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿನ್ನನ್ನು ಮುಕ್ಕಾಲು ಗಂಟೆ ನಿಲ್ಲಿಸಿದೆ, ಅದೇ ನಾನು ಶರೋನ್‌ಗೆ ಸುಳ್ಳು ಬರೆ ಎಂದೆ, ನಾನು ಇಲ್ಲಿ ನಿಂತು ಪಾಠ ಮಾಡುವವಳಲ್ಲ ಎಂದೆ. ಒಬ್ಬರೂ ಮೊಬೈಲು ನೋಡುತ್ತಿರಲಿಲ್ಲ. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಜೋಯಲ್ ಕೈ ಎತ್ತಿದ.

"ಆಂಟಿ, ನಾನೊಂದು ಹೇಳ್ಲಾ? ಈ ಸಲ ನಿಜ," ಎಂದ. "ಪ್ರಾರ್ಥನೆ ಮಾಡ್ವಾಗ ದೇವ್ರು ಕೇಳಿಸ್ಕೋತಾನೋ ಇಲ್ವೋ ನಂಗೆ ಗೊತ್ತಾಗಲ್ಲ. ಆದ್ರೂ ಮಾಡ್ತೀನಿ."

ನೀವಾಗಿದ್ದರೆ ತಕ್ಷಣ ಬೈಬಲಿನ ಒಂದು ವಚನ ಎತ್ತಿ ಹೇಳಿ ಆ ಹುಡುಗನನ್ನು ಕೂರಿಸುತ್ತಿದ್ದಿರಿ. ನನಗೆ ಯಾವ ವಚನವೂ ನೆನಪಾಗಲಿಲ್ಲ. ಹದಿನಾರು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಮದುವೆಯಾಗಿ ಈ ಸಭೆಗೆ ಬಂದು ಇಪ್ಪತ್ತೊಂದು ವರ್ಷವಾಯಿತು, ಒಂದು ದಿನವೂ ಸಾಕ್ಷಿ ಹೇಳಿದವಳಲ್ಲ ನಾನು. ನಿಮ್ಮ ಮಗನಿಗೂ ಗೊತ್ತಿಲ್ಲದ್ದನ್ನು ಆ ಮಕ್ಕಳಿಗೆ ಹೇಳಿದೆ. ಆಸ್ಪತ್ರೆಯಲ್ಲಿ ಮೂರು ದಿನ ನಿಮ್ಮ ಮಂಚದ ಪಕ್ಕ ನಿಂತು, ಮಾವನನ್ನು ಉಳಿಸು ಎಂದು ಬೇಡಿದ್ದೆ. ನೀವು ಹೊರಟುಹೋದಿರಿ. ಅವತ್ತಿನಿಂದ ನಾನು ಪ್ರಾರ್ಥನೆ ಮಾಡಿಯೇ ಇಲ್ಲ. ಪ್ರತಿ ಶನಿವಾರ ಕಣ್ಣು ಮುಚ್ಚಿ ನಿಮ್ಮ ಮಾತುಗಳನ್ನೇ ಒಪ್ಪಿಸುತ್ತಿದ್ದೆ, ಒಳಗೆ ಯಾರೂ ಇರಲಿಲ್ಲ. ಇಷ್ಟೇ ಕಣ್ರೋ ನನ್ನ ಹತ್ತಿರ ಇರುವುದು ಎಂದೆ.

ಶರೋನ್ ತಾನು ಕೂತಿದ್ದ ಬೆಂಚಿನಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು. ಕೂತೆ. ಇವತ್ತು ಪ್ರಾರ್ಥನೆ ನಾನು ಮಾಡಲಾ ಎಂದು ಜೋಯಲ್ ಕೇಳಿ, ಕಣ್ಣು ಮುಚ್ಚಿದ. "ಸ್ವಾಮಿ, ನಮ್ಗೆ ಗೊತ್ತಾಗ್ತಿಲ್ಲ. ಆದ್ರೂ ಎಲ್ರೂ ಬಂದಿದೀವಿ. ಲಿಲ್ಲಿ ಆಂಟಿನೂ ಬಂದಿದಾರೆ. ಆಮೆನ್."

ಆಮೆನ್ ಅಂದೆ, ಮಾವ. ಹದಿನಾಲ್ಕು ತಿಂಗಳ ಮೇಲೆ, ನನ್ನದೇ ಬಾಯಿಂದ. ಕ್ಲಾಸು ಬಿಡುವ ಮಾತು ಹೊಟ್ಟೆಯಲ್ಲೇ ಉಳಿಯಿತು, ಅದನ್ನು ಇನ್ನು ಆಡುವುದೂ ಇಲ್ಲ. ನಿಮಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಇಷ್ಟು ದಿನ ಆ ಕೋಣೆಗೆ ಹೋಗುತ್ತಿದ್ದೆ. ಇನ್ನು ಮುಂದೆ ಹೋಗುವುದು ನನಗೂ ಅಲ್ಲಿ ಒಂದು ಜಾಗವಿದೆ ಎಂದು.