ಕಂಕುಳಿನ ನೀಲಿ ಹೊಲಿಗೆ

ಮೀರ್‌ಪುರ, ಢಾಕಾ
ಶನಿವಾರ ಬೆಳಿಗ್ಗೆ

ಅಕ್ಕರೆಯ ಟುಟುಲ್,

ನಿನ್ನ ಆಮಂತ್ರಣ ಪತ್ರಿಕೆ ತಲುಪಿದೆ. ಆಶುಲಿಯಾದ ನಿನ್ನ ಕಾರ್ಖಾನೆಯಲ್ಲಿ ಕಟ್ಟಿಸಿರುವ ಹೊಸ ವಿನ್ಯಾಸ ಕೇಂದ್ರವನ್ನು ಮುಂದಿನ ಭಾನುವಾರ, ವಿದೇಶಿ ಖರೀದಿದಾರರ ಎದುರಿನಲ್ಲಿ, ನಾನು ರಿಬ್ಬನ್ ಕತ್ತರಿಸಿ ಉದ್ಘಾಟಿಸಬೇಕೆಂದು ಬರೆದಿದ್ದೀಯೆ. ನನ್ನ ಹೆಸರಿನ ಕೆಳಗೆ ‘ನಮ್ಮೆಲ್ಲರ ಗುರು’ ಎಂದು ಹೊಂಬಣ್ಣದಲ್ಲಿ ಅಚ್ಚು ಹಾಕಿಸಿದ್ದೀಯೆ. ಓದಿ ಸಂತೋಷಪಡಬೇಕಾಗಿದ್ದ ಮಾತು ಅದು. ನನಗೆ ಬಂದದ್ದು ಕೋಪ, ಮತ್ತು ಅದು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಇಳಿದುಹೋದರೆ ನಿನ್ನನ್ನು ಕ್ಷಮಿಸಿಬಿಡುವ ದುರಭ್ಯಾಸ ನನಗಿದೆ ಎಂಬುದು ನಿನಗೆ ಚೆನ್ನಾಗಿ ಗೊತ್ತು.

ನಿನ್ನೆ ಶುಕ್ರವಾರದ ನಮಾಜು ಮುಗಿದ ಹೊತ್ತಿಗೆ ಲಾಬೊನಿ ಬಂದಿದ್ದಳು. ಎರಡು ವರ್ಷದ ಹಿಂದೆ ನಾನೇ ನಿನ್ನ ಬಳಿಗೆ ಕಳುಹಿಸಿದ ಹುಡುಗಿ; ನಾನು ಕಲಿಸಿದ ಕೊನೆಯ ವಸ್ತ್ರವಿನ್ಯಾಸ ತರಗತಿಯ ಅತ್ಯಂತ ಚುರುಕಾದ ಕೈ. ಸಾಸಿವೆ ಎಣ್ಣೆ ಹಾಕಿ ಮಂಡಕ್ಕಿ ಕಲಸಿಕೊಟ್ಟೆ, ಮುಟ್ಟಲಿಲ್ಲ. ಚೀಲದಿಂದ ಕತ್ತರಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ನಿನ್ನಲ್ಲಿಗೆ ಕೆಲಸಕ್ಕೆ ಹೋಗುವಾಗ ನಾನು ಕೊಟ್ಟಿದ್ದ, ನನ್ನ ಸ್ವಂತದ ಕತ್ತರಿ ಅದು.

“ಇದು ನಿಮ್ಮ ಹತ್ರಾನೇ ಇರ್ಲಿ ಆಪಾ. ಸಾವರ್‌ನಲ್ಲಿ ಭಾವನ ಮೊಬೈಲ್ ಅಂಗಡಿ ಇದೆ, ಗಲ್ಲಾದಲ್ಲಿ ಕೂತ್ಕೋತೀನಿ. ಅಲ್ಲಿ ಯೋಚನೆ ಮಾಡಿದ್ರೆ ಯಾರೂ ಬೈಯೋದಿಲ್ಲ” ಎಂದಳು.

ನೀನು ಅವಳನ್ನು ಕೆಲಸದಿಂದ ತೆಗೆದಿದ್ದೀಯೆ ಎಂಬುದು ನನಗೆ ಹಾಗೆ ತಿಳಿಯಿತು. ಏಕೆ ತೆಗೆದೆ ಎಂಬುದನ್ನು ಅವಳ ಬಾಯಿಂದ ಕೇಳಿದ್ದೇನೆ, ಸಂಜೆ ಫೋನಿನಲ್ಲಿ ನಿನ್ನ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಕೂಡಿಬರುತ್ತದೆ. ನೀನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ನಡೆದದ್ದನ್ನು ನಾನು ತಿಳಿದುಕೊಂಡ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಗೋದಾಮುಗಳಲ್ಲಿ ದುಡಿಯುವ ಹೆಂಗಸರಿಗಾಗಿ ಒಂದು ಜಾಕೆಟ್ ಹೊಲಿಯಬೇಕಾಗಿತ್ತು. ಖರೀದಿದಾರರು ಕಳುಹಿಸಿದ ಸ್ಯಾಂಪಲ್ಲನ್ನು ತೊಟ್ಟು ಕೈ ಮೇಲೆತ್ತಿದರೆ ಜಾಕೆಟ್ಟೂ ಅದರೊಂದಿಗೆ ಮೇಲೇರಿ ಬೆನ್ನು ಬಯಲಾಗುತ್ತಿತ್ತು. ದಿನವಿಡೀ ಅಟ್ಟಣಿಗೆಯಿಂದ ಪೆಟ್ಟಿಗೆ ಇಳಿಸುವ ಹೆಂಗಸಿಗೆ ಹೇಳಿ ಮಾಡಿಸಿದ ಹಿಂಸೆ. ಲಾಬೊನಿ ಅದನ್ನು ತೊಟ್ಟು ನೋಡಿದಳು. ನಿನ್ನ ವಿನ್ಯಾಸದ ಕೋಣೆಯಲ್ಲಿ ಉಡುಪನ್ನು ತೊಟ್ಟು ನೋಡಿದವಳು ಅವಳೊಬ್ಬಳೇ. ಬಳಿಕ ಎರಡು ಕಂಕುಳಲ್ಲೂ ಅಂಗೈಯಗಲದ ಚೌಕದ ತುಂಡೊಂದನ್ನು ಕೂರಿಸಿದಳು. ಜಾಕೆಟ್ ಅಲುಗದೆ ನಿಂತಿತು, ಕೈ ಮಾತ್ರ ಮೇಲೆ ಹೋಯಿತು.

ಆ ಚೌಕವನ್ನು ನೀನು ಗುರುತಿಸಲಿಲ್ಲವೆಂದು ಹೇಳಬೇಡ. ನನ್ನ ಮೊದಲ ಪಾಠವೇ ಅದಾಗಿತ್ತು. ನೀನು ನಿನ್ನ ತಾತನ ಹಳೆಯ ಪಂಜಾಬಿ ಜುಬ್ಬಾವನ್ನು ತಂದು ಹೊಲಿಗೆ ಬಿಚ್ಚಿ ತರಗತಿಯ ನೆಲದ ಮೇಲೆ ಹರಡಿದ ದಿನ ನನಗೆ ನೆನಪಿದೆ. ಬಟ್ಟೆ ಒಂದು ಚೂರೂ ವ್ಯರ್ಥವಾಗದಂತೆ ಕತ್ತರಿಸಿದ್ದ ಆ ತುಂಡುಗಳ ನಡುವೆ ಕಂಕುಳಿನ ಚೌಕವನ್ನು ಎತ್ತಿ ಹಿಡಿದು, “ಆಪಾ, ಇದನ್ನ ಯೋಚನೆ ಮಾಡಿದೋನು ಇಂಜಿನಿಯರ್ ಅಲ್ವಾ? ಅವನ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ?” ಎಂದು ಕೇಳಿದ್ದೆ. ಇಡೀ ತರಗತಿ ನಕ್ಕಿತ್ತು. ನೀನು ನಕ್ಕಿರಲಿಲ್ಲ. ಈ ಹುಡುಗ ಮುಂದೊಂದು ದಿನ ನಮ್ಮ ದೇಶದ ಉಡುಪಿಗೆ ನಮ್ಮದೇ ಹೆಸರು ಹಾಕುತ್ತಾನೆ ಎಂದು ಅಂದು ಮನೆಗೆ ಹೋಗಿ ನನ್ನ ಗಂಡನಿಗೆ ಹೇಳಿದ್ದೆ. ಅವರು ಈಗಿಲ್ಲ. ಇದ್ದಿದ್ದರೆ ಇಂದು ನನ್ನನ್ನು ಚೆನ್ನಾಗಿ ಆಡಿಕೊಳ್ಳುತ್ತಿದ್ದರು.

ಚೌಕ ನಮ್ಮ ತಾತಂದಿರದು, ಒಪ್ಪುತ್ತೇನೆ. ಆದರೆ ಅದನ್ನು ಪ್ಯಾಟರ್ನ್‌ಗಳ ನಡುವೆ ಉಳಿಯುವ ಚೂರುಬಟ್ಟೆಯಿಂದಲೇ ತೆಗೆಯಬಹುದೆಂದು ಕಂಡುಕೊಂಡದ್ದು ಲಾಬೊನಿ. ಪಕ್ಕದ ಹೊಲಿಗೆ ಮುಚ್ಚುವ ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗಲೇ ಅದನ್ನು ಕೂರಿಸಿದರೆ ಹೊಲಿಗೆ ಯಂತ್ರಗಳ ಲೈನಿನಲ್ಲಿ ಕೂತ ಹುಡುಗಿಯರ ಕೈ ನಿಧಾನವಾಗುವುದಿಲ್ಲ ಎಂದು ತೋರಿಸಿದ್ದೂ ಅವಳೇ. ನಾವು ಸಮ್ಮೇಳನಗಳಲ್ಲಿ ಮೈಕು ಹಿಡಿದು ಹೊಸತನ, ಹೊಸತನ ಎಂದು ಕೂಗುತ್ತೇವಲ್ಲ, ಅದು ಇಷ್ಟೇ, ಟುಟುಲ್. ಅದು ನಿನ್ನ ಕೋಣೆಗೆ ತಾನಾಗಿ ನಡೆದು ಬಂದಿತ್ತು.

ನೀನು ಅದನ್ನು ಖರೀದಿದಾರರ ಪ್ರತಿನಿಧಿಯ ಮುಂದೆ ಇಟ್ಟೆ, ನಿಜ. ಆದರೆ “ನಮ್ಮ ಹುಡುಗಿ ಏನೋ ಆಟ ಆಡಿದ್ದಾಳೆ, ಮನಸ್ಸಿಗೆ ಹಚ್ಕೋಬೇಡಿ ಸರ್” ಎಂದು ನಗುತ್ತ ಇಟ್ಟೆ. ಆತ ತೊಟ್ಟು ನೋಡಿದ, ಕೈ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಜಾಕೆಟ್ಟನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡು ಹೋದ. ಆ ಹುಡುಗಿ ಯಾರೆಂದು ಆತ ಕೇಳಲಿಲ್ಲ, ನೀನೂ ಹೆಸರು ಹೇಳಲಿಲ್ಲ.

ಚಳಿಗಾಲ ಕಳೆದ ಮೇಲೆ ಅವರಿಂದ ಹೊಸ ಸ್ಯಾಂಪಲ್ ಬಂತು. ನೆರೆಯ ದೇಶದ ಯಾವುದೋ ಕಾರ್ಖಾನೆಯಲ್ಲಿ ಹೊಲಿಸಿದ್ದು, ಖರೀದಿದಾರರ ಹೆಸರಿನ ಚೀಟಿಯಿದ್ದದ್ದು. ಎರಡೂ ಕಂಕುಳಲ್ಲಿ ಲಾಬೊನಿಯ ಚೌಕ. ಅಷ್ಟೇ ಆಗಿದ್ದರೆ ಕಾಕತಾಳೀಯ ಎಂದು ವಾದಿಸಬಹುದಿತ್ತು. ಆದರೆ ಎಡಗಂಕುಳಿನ ಒಳಮೈಯಲ್ಲಿ, ಚೌಕದ ಮೂಲೆಯಲ್ಲಿ, ನೀಲಿ ನೂಲಿನ ಮೂರು ಪುಟ್ಟ ಹೊಲಿಗೆಗಳಿದ್ದವು, ಹಕ್ಕಿಯ ಕಾಲಿನ ಗುರುತಿನಂತೆ. ಅದು ಲಾಬೊನಿಯ ಗುರುತು. ಜಮಾಲ್‌ಪುರದ ಅವಳ ತಾಯಿ ಹಳೆಯ ಸೀರೆಗಳನ್ನು ಪದರ ಮಾಡಿ ಕಾಂಥಾ ಕೌದಿ ಹೊಲಿಯುವಾಗ ಶುರುಮಾಡಿದ ಮೂಲೆಯಲ್ಲಿ ಹಾಕುವ ಗುರುತು. ಚೌಕದ ಯಾವ ಮೂಲೆ ತೋಳಿನ ಕಡೆಗೆ ಬರಬೇಕೆಂದು ನೆನಪಿಗಾಗಿ ಲಾಬೊನಿ ಅದನ್ನೇ ಹಾಕಿಕೊಂಡಿದ್ದಳು. ಪ್ರಯೋಗದ ಉಡುಪಾದ್ದರಿಂದ ಬಿಚ್ಚಿರಲಿಲ್ಲ. ಆ ನೆರೆದೇಶದ ಕಾರ್ಖಾನೆಯ ಕೈಗಳೂ ನಮ್ಮ ಕೈಗಳಂಥವೇ. ಸ್ಯಾಂಪಲ್ಲಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೊಲಿಯಬೇಕು, ಕೇಳಬಾರದು ಎಂದು ಕಲಿತ ಕೈಗಳು. ಗುರುತನ್ನೂ ವಿನ್ಯಾಸವೆಂದು ತಿಳಿದು ಅಚ್ಚುಕಟ್ಟಾಗಿ ಹೊಲಿದು ಕಳುಹಿಸಿದ್ದರು.

ಲಾಬೊನಿ ಅದನ್ನು ನಿನ್ನ ಮುಂದೆ ಒಳಮೈ ಹೊರಳಿಸಿ ತೋರಿಸಿದಳು. ಖರೀದಿದಾರರಿಗೆ ಬರೆಯಿರಿ, ಇದು ನಮ್ಮದೆಂದು ಹೇಳಿರಿ, ವಿನ್ಯಾಸಕ್ಕೆ ಬೆಲೆ ಕೇಳಿರಿ ಎಂದಳು. ನೀನು ಏನೆಂದೆ? “ನಿನ್ನನ್ನ ಯೋಚನೆ ಮಾಡೋಕೆ ಇಟ್ಕೊಂಡಿಲ್ಲಮ್ಮ. ಯೋಚನೆ ಅವರದು, ಹೊಲಿಗೆ ನಮ್ಮದು. ಸ್ಯಾಂಪಲ್ ಹೇಗಿದೆಯೋ ಹಾಗೆ ಪ್ಯಾಟರ್ನ್ ತೆಗಿ.” ತನ್ನದನ್ನು ತಾನೇ ನಕಲು ಮಾಡಲು ಅವಳು ಒಪ್ಪಲಿಲ್ಲ. ಮರುದಿನ ಗೇಟಿನ ಕಾವಲುಗಾರ ಅವಳ ಗುರುತಿನ ಚೀಟಿಯನ್ನು ಕೇಳಿ ಇಸಿದುಕೊಂಡ. ಅದನ್ನು ಅವಳ ಮುಖ ನೋಡಿ ಹೇಳುವಷ್ಟು ಧೈರ್ಯವೂ ನಿನಗಿರಲಿಲ್ಲ.

ಇನ್ನೂ ಒಂದು ಸಂಗತಿಯನ್ನು ಕೇಳಿದ್ದೇನೆ. ಆ ಗುರುತಿಗಾಗಿ ನೀನು ಚಟ್ಟಗಾಂವ್‌ನಿಂದ ಅದೇ ಛಾಯೆಯ ನೀಲಿ ನೂಲು ತರಿಸಿದ್ದೀಯೆ, ಮೂರು ಹೊಲಿಗೆ ಹಾಕಲೆಂದೇ ಪ್ರತ್ಯೇಕವಾಗಿ ಹುಡುಗಿಯರನ್ನು ಕೂರಿಸಿದ್ದೀಯೆ. ನಿನ್ನ ಕಟಿಂಗ್ ಮಾಸ್ತರ ಖಾಲೇಕ್ ಚಾಚಾ ಊಟದ ಹೊತ್ತಿನಲ್ಲಿ, “ಈ ಹೊಲಿಗೆ ಯಾಕೆ ಅಂತ ಬೈಯರ್‌ಗೂ ಗೊತ್ತಿಲ್ಲ, ಹೊಲಿಯೋರಿಗೂ ಗೊತ್ತಿಲ್ಲ. ಗೊತ್ತಿದ್ದ ಹುಡುಗೀನ ಸಾಹೇಬ್ರು ಗೇಟಿಂದಾಚೆ ಬಿಟ್ರು. ಈಗ ನೆಮ್ಮದಿಯಾಗಿ ಹೊಲೀಬಹುದು” ಎಂದು ನಗಿಸುತ್ತಿದ್ದಾರಂತೆ. ಅವರು ನಗಿಸಲಿ. ನನಗೆ ನಗು ಬರುವುದಿಲ್ಲ.

ಫೋನಿನಲ್ಲಿ ನೀನು ಕೊಟ್ಟ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕಿಲ್ಲ. “ಆಪಾ, ನಾನು ಎದುರು ಮಾತಾಡಿದ್ರೆ ಅವರು ನಾಳೆನೇ ಬೇರೆ ದೇಶಕ್ಕೆ ಹೋಗ್ತಾರೆ. ಆಮೇಲೆ ನನ್ನ ಲೈನಿನ ಹೆಣ್ಮಕ್ಕಳ ಮನೇಲಿ ಒಲೆ ಉರಿಯತ್ತಾ?” ಎಂದೆ. ಆ ಭಯ ನಿಜವಾದದ್ದು. ಅದನ್ನು ನಾನು ನಿನ್ನಷ್ಟೇ ಹತ್ತಿರದಿಂದ ಬಲ್ಲೆ. ಆದರೆ ಹೇಳು, ಎದುರು ಮಾತನಾಡದೆ ಇದ್ದುದಕ್ಕೆ ನಿನಗೆ ಸಿಕ್ಕಿದ್ದೇನು? ಈ ಜಾಕೆಟ್ಟಿಗೆ ಅವರು ಮೊದಲಿಗಿಂತ ಕಡಿಮೆ ದರ ಹೇಳಿದರು, ನೀನು ಒಪ್ಪಿದೆ. ಕಾರಣವಾಗಿ ಅವರು ಕೊಟ್ಟ ಮಾತನ್ನು ನೀನೇ ನನಗೆ ಹೇಳಿದೆ: ಇದನ್ನು ಹೊಲಿಯುವುದು ನಿಮ್ಮವರಿಗೆ ಸುಲಭವಂತೆ, ಕೈಗೆ ಮೊದಲೇ ಅಭ್ಯಾಸವಿದೆಯಂತೆ. ನಮ್ಮ ಹುಡುಗಿಯ ಬುದ್ಧಿಯನ್ನು ನಮಗೇ ಹೊಲಿಯಲು ಕೊಟ್ಟು, ಅದು ನಮ್ಮದಾಗಿರುವ ಕಾರಣಕ್ಕೇ ದರ ಇಳಿಸಿದ್ದಾರೆ. ನೀನು ಅದಕ್ಕೆ ರುಜು ಹಾಕಿ, ಚಹಾ ತರಿಸಿ, ಕೈಕುಲುಕಿ ಬೀಳ್ಕೊಟ್ಟಿದ್ದೀಯೆ.

ಅಗ್ಗವಾಗಿರುವುದೊಂದೇ ನಮ್ಮ ಶಕ್ತಿಯಾದರೆ ನಮಗಿಂತ ಅಗ್ಗದವರು ಸಿಕ್ಕ ದಿನ ನಾವು ಮುಗಿದಂತೆ. ಬಡ ದೇಶವೆಂದು ಹೊರಗಿನವರು ಕೊಡುವ ಸುಂಕದ ರಿಯಾಯಿತಿ ಎಂದೆಂದಿಗೂ ಇರುವುದಿಲ್ಲ. ಅದನ್ನು ನಿಮ್ಮ ರಫ್ತುದಾರರ ಸಂಘದವರೇ ಪ್ರತಿ ಸಭೆಯಲ್ಲೂ ಹೇಳಿ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಯಾವುದನ್ನು ಮಾರುತ್ತೀರಿ? ಹೆಣ್ಣುಮಕ್ಕಳ ಕೂಲಿಯಲ್ಲಿ ಇನ್ನೇನು ಉಳಿದಿದೆ ಕತ್ತರಿಸಲು? ಮಾರಲು ಉಳಿದಿರುವುದು ಲಾಬೊನಿಯಂಥವರ ತಲೆಯಲ್ಲಿರುವುದು ಮಾತ್ರ. ಅವಳನ್ನು ನೀನು ಮೊಬೈಲ್ ಅಂಗಡಿಯ ಗಲ್ಲಾಕ್ಕೆ ಕಳುಹಿಸಿ, ಖಾಲಿಯಾದ ಕುರ್ಚಿಗೆ ಗಾಜಿನ ಗೋಡೆ ಕಟ್ಟಿಸಿ, ಅದಕ್ಕೆ ವಿನ್ಯಾಸ ಕೇಂದ್ರವೆಂದು ಹೆಸರಿಟ್ಟು, ರಿಬ್ಬನ್ ಕತ್ತರಿಸಲು ನನ್ನನ್ನು ಕರೆದಿದ್ದೀಯೆ.

ನಾನು ಬರುತ್ತೇನೆ, ಟುಟುಲ್. ಒಬ್ಬಳೇ ಬರುವುದಿಲ್ಲ.

ಭಾನುವಾರದವರೆಗೆ ಅಂಗಡಿಗೆ ಹೋಗಬೇಡವೆಂದು ಲಾಬೊನಿಯನ್ನು ಒಪ್ಪಿಸಿದ್ದೇನೆ. ಅದೂ ಸುಲಭವಾಗಿ ಆಗಲಿಲ್ಲ. “ಅವರ ಮುಂದೆ ನಿಂತು ಬೇಡೋಕೆ ನನ್ನಿಂದಾಗಲ್ಲ ಆಪಾ” ಎಂದಳು. ಬೇಡಲು ಕರೆಯುತ್ತಿಲ್ಲ, ನಿಲ್ಲಲು ಕರೆಯುತ್ತಿದ್ದೇನೆ ಎಂದೆ. ಅವಳು ಮಂಡಕ್ಕಿಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಹೋಗುವಾಗ ಕತ್ತರಿಯನ್ನು ಅವಳ ಚೀಲಕ್ಕೆ ಮರಳಿ ಹಾಕಿದೆ. ಬೇಡವೆನ್ನಲಿಲ್ಲ. ಈ ವಯಸ್ಸಿನವರ ಮೇಲೆ ನಾನಿಟ್ಟಿರುವ ಭರವಸೆಗೆ ಅಷ್ಟು ಸಾಕು.

ಅಂದು ಅತಿಥಿಗಳೆಲ್ಲ ಸೇರಿದಾಗ ನೀನು ಅವಳ ಹೆಸರು ಹೇಳಬೇಕು. ಜಾಕೆಟ್ಟನ್ನು ಕೈಯಲ್ಲಿ ಹಿಡಿದು, ಇದನ್ನು ಯೋಚಿಸಿದವಳು ಇವಳು, ನಮ್ಮ ಕಾರ್ಖಾನೆಯವಳು, ಮುಂದಿನ ಮಾತುಕತೆ ಇವಳನ್ನು ಜೊತೆಗೆ ಕೂರಿಸಿಕೊಂಡೇ ನಡೆಯುತ್ತದೆ ಎನ್ನಬೇಕು. ಖರೀದಿದಾರರು ಎದ್ದುಹೋಗುತ್ತಾರೆಂದು ನಿನಗೆ ಭಯ. ಹೋಗಲೂಬಹುದು; ಹೋಗುವುದಿಲ್ಲವೆಂದು ನಾನು ಭಾಷೆ ಕೊಡಲಾರೆ. ಆದರೆ ಕೈ ಎತ್ತಿ ಇಳಿಸಿ ಮತ್ತೆ ಎತ್ತಿ ನೋಡಿದ ಆ ಮನುಷ್ಯನಿಗೆ ಒಳ್ಳೆಯದು ಯಾವುದೆಂದು ಗೊತ್ತಾಗಿತ್ತು. ಇನ್ನೊಂದು ಒಳ್ಳೆಯದು ಬೇಕೆಂದರೆ ಅದು ಎಲ್ಲಿ ಸಿಗುತ್ತದೆಂಬುದೂ ಆತನಿಗೆ ಗೊತ್ತಾಗಲಿ.

ನೀನು ಹೇಳಿದರೆ, ರಿಬ್ಬನ್ನನ್ನು ನಾನು ಕತ್ತರಿಸುವುದಿಲ್ಲ. ಅದನ್ನು ಅವಳು ಕತ್ತರಿಸುವಾಗ ನಿನ್ನ ಪಕ್ಕದಲ್ಲಿ ನಿಂತು ಮೊದಲು ಚಪ್ಪಾಳೆ ತಟ್ಟುವವಳು ನಾನೇ. ಹೇಳದಿದ್ದರೆ ನೀನು ವೇದಿಕೆಯ ಮೇಲೆ ಪ್ರದರ್ಶನಕ್ಕಿಡುವ ಆ ಜಾಕೆಟ್ಟನ್ನು ತೆಗೆದುಕೊಂಡು ಎಡತೋಳಿನ ಒಳಮೈಯನ್ನು ಹೊರಗೆ ಮಾಡುತ್ತೇನೆ. ಆ ನೀಲಿ ಹೊಲಿಗೆಯನ್ನು ಎಲ್ಲರಿಗೂ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಇಲ್ಲಿ ಏಕಿದೆ? ಖರೀದಿದಾರರನ್ನು ಕೇಳುತ್ತೇನೆ, ನಿನ್ನನ್ನು ಕೇಳುತ್ತೇನೆ. ಉತ್ತರ ಬಲ್ಲವಳು ನನ್ನ ಪಕ್ಕದಲ್ಲಿ ನಿಂತಿರುತ್ತಾಳೆ.

ತಾತನ ಪಂಜಾಬಿಯ ಆ ಚೌಕವನ್ನು ಹಿಡಿದು ನೀನು ಕೇಳಿದ ಪ್ರಶ್ನೆಯನ್ನು ಇಂದು ನಿನಗೇ ಮರಳಿಸುತ್ತೇನೆ. ಆ ಚೌಕವನ್ನು ಯೋಚಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಇವಳ ಹೆಸರು ನಿನಗೆ ಗೊತ್ತಿದೆ.

ಅಲ್ಲಾಹನು ನಿನ್ನ ನಾಲಿಗೆಗೆ ಆ ಒಂದು ಹೆಸರನ್ನು ಉಚ್ಚರಿಸುವಷ್ಟು ಬಲ ಕೊಡಲಿ. ನಿನ್ನ ಲೈನಿನ ಮಕ್ಕಳ ಒಲೆ ಆರದಿರಲಿ, ನಿನ್ನ ಮನೆಯವರೆಲ್ಲ ಸುಖವಾಗಿರಲಿ. ಕೋಪದಲ್ಲಿಯೂ ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ಭಾನುವಾರ ಕಾಣುವವರೆಗೆ,
ನಿನ್ನನ್ನು ಇನ್ನೂ ಕೈಬಿಡದ
ದಿಲಾಫ್ರೋಜ್ ಆಪಾ