ಉಡಿ ತುಂಬಿ ಕೊಟ್ಟ ಮರಿ

ಮಣ್ಣೂರ
14 ನವೆಂಬರ್ 2024

ತಂಗಿ ಜಯಮಾಲಾಗೆ ಅಕ್ಕನ ತುಂಬು ಹರಕೆ.

ನೀನು ಫೋನು ಮಾಡಿ ಹದಿನೈದು ದಿನವಾಯಿತು, ಉತ್ತರ ಹೇಳಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಏನು ಮಾಡಲಿ, ನಾನು ಫೋನು ಹಿಡಿದರೆ ನಿನ್ನ ಭಾವ ಪಕ್ಕದಲ್ಲೇ ಬಂದು ಕೂರುತ್ತಾರೆ. ಬಳೆ ಮಾರುವ ಚಾಂದಬೀ ನಿಮ್ಮ ಹಿರೋಳ್ಳಿ ಕಡೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

"ಬಿಜಲಿ ಬೆದೆಗೆ ಬಂದದ, ನಿನ್ನ ಸರ್ಜಾನ ಕಳಸಕ್ಕ, ಇನ್ನೊಂದ್ ಸಲ ಮರಿ ಮಾಡಸೂಣು" ಎಂದೆಯಲ್ಲ, ಕಳಿಸುವುದಿಲ್ಲ. ಯುಗಾದಿಗೆ ಏಳು ಮರಿ ಹಾಕಿದ ಬಿಜಲಿ ಇನ್ನೂ ಚೇತರಿಸಿಕೊಂಡಿಲ್ಲ. ಅದೂ ಅಲ್ಲದೆ ಎರಡೂ ಒಂದೇ ತಾಯಿಯ ಮಕ್ಕಳು. ಮುಧೋಳ ನಾಯಿಯ ತಳಿ ಕೆಡಬಾರದೆಂದು ಅಣ್ಣತಂಗಿಯನ್ನೇ ಕೂಡಿಸುತ್ತಾರೇನೇ? ಜೇವರ್ಗಿಯಲ್ಲಿ ಹಾಗೆ ಮಾಡಿಸಿ, ಸೊಟ್ಟ ಕಾಲಿನ ಮರಿ ಹುಟ್ಟಿದ್ದನ್ನು ನೀನೇ ನೋಡಿ ಬಂದೆ. ಆ ಮರಿಯನ್ನು ಆಮೇಲೆ ಯಾರು ಸಾಕಿದರೆಂದು ಕೇಳಿದೆಯಾ?

"ಅಕ್ಕಗ ಹೊಟ್ಟಿಕಿಚ್ಚು" ಅಂತೀ, ಗೊತ್ತು. ಹೌದು, ಹೊಟ್ಟೆಕಿಚ್ಚೇ. ಅಪ್ಪ ನಿನ್ನ ಗಂಡನನ್ನು ಮನೆ ಅಳಿಯ ಮಾಡಿಕೊಂಡು ನಾಯಿಗಳನ್ನೆಲ್ಲ ನಿನ್ನ ಕೈಗೆ ಕೊಟ್ಟ. ಬಿಜಲಿ ಹುಟ್ಟುವಾಗ ಅದರ ತಾಯಿಯ ಪಕ್ಕ ಕೂತವಳು ನಾನು! ಈಗ ಶಾಂತಲಿಂಗಪ್ಪನ ಮಗಳು ಅಂದರೆ ಜನಕ್ಕೆ ನೀನೊಬ್ಬಳೇ. ಉರಿಯದೆ ಇರುತ್ತದೆಯೇ? ಆದರೆ ಉರಿದುಕೊಂಡು ಹೇಳಿದೆನೆಂದು ನನ್ನ ಮಾತು ಸುಳ್ಳಾಗುವುದಿಲ್ಲ.

ಹೋದ ಸೋಮವಾರ ಅಪ್ಪ ಬಂದಿದ್ದ. ಹೆಣ್ಣು ಮರಿ ಕೊಡುವಾಗ ಮಗಳನ್ನು ಕಳಿಸುವ ಹಾಗೆ ರೊಟ್ಟಿ, ಬೆಲ್ಲ ಕಟ್ಟಿ ಉಡಿ ತುಂಬುವುದು, ಆಮೇಲೆ ಹೋಗಿ ನೋಡಿ ಬರುವುದು ಅವನ ಪದ್ಧತಿಯಲ್ಲವೇ. ಬಿಜಲಿಯ ಮರಿಯೊಂದನ್ನು ಅಫಜಲಪುರದ ಅಡತಿ ಅಂಗಡಿಯವನಿಗೆ ಕೊಟ್ಟಿದ್ದನಲ್ಲ, ಅದನ್ನು ಬಿಸಿಲಲ್ಲಿ ಮಾಳಿಗೆ ಮೇಲೆ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದರಂತೆ. ಕೊರಳೆಲ್ಲ ಗಾಯ. ಬಿಚ್ಚಿ ಎತ್ತಿಕೊಂಡು, ಇಷ್ಟು ದೂರ ಬಂದಿದ್ದೇನಲ್ಲ ಎಂದು ನನ್ನನ್ನೂ ನೋಡಲು ಬಂದ. ಕೊಟ್ಟ ಚಹಾ ಆರಿಹೋಯಿತು, ಅವನು ಅರಿಸಿನ ಹಚ್ಚುತ್ತಲೇ ಇದ್ದ.

"ಕೊಟ್ಟೇನಂತ ಕೈ ತೊಳ್ಕೊಳ್ಳಾಕ ಬರಂಗಿಲ್ಲವ್ವಾ" ಅಂದ. "ನಮ್ಮ ಮನ್ಯಾಗ ಹುಟ್ಟಿದ ಜೀವ. ಅದರ ಹಾಲತ್ ನೋಡಿ ಹೆಂಗ್ ಬಿಟ್ಟು ಬರ್ಲಿ?"

"ನಾಯಿಮರಿಗೂ ಇಷ್ಟ್ ಮಾಡ್ತೀರಲ್ಲ, ದೇವರಂಥಾ ಮನಷ್ಯಾರ್ರಿ ನೀವು" ಎಂದು ನಮ್ಮ ಅತ್ತೆ ಸುಭದ್ರಾಬಾಯಿ ಹೊಗಳಿದರು. ನಾನು ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಬಿಜಲಿಗೆ ಒಂದು ವರ್ಷ ಬಿಡುವು ಕೊಡು. ಮರಿ ಬೇಕೆನ್ನುವವರು ಕಾಯಲಿ. ಆಮೇಲೆ ಬೇರೆ ಮನೆಯ ಗಂಡು ಹುಡುಕು, ನಾನೂ ವಿಚಾರಿಸುತ್ತೇನೆ. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನಗುನಗುತ್ತಾ ಬೆಳೆಯಲಿ.

ನಿನ್ನ ಅಕ್ಕ,
ಭಾಗ್ಯಜ್ಯೋತಿ

ತಾ.ಕ.: ಚಹಾ ಕೊಡುವಾಗ ಸೆರಗು ಜಾರಿ, ನಿನ್ನ ಭಾವ ಹೊಡೆದ ಬಾಸುಂಡೆ ಅಪ್ಪನ ಕಣ್ಣಿಗೆ ಬಿತ್ತು. ಬಸ್ಸಿನವರೆಗೆ ಕಳಿಸಲು ಹೋದೆ. "ಅಪ್ಪಾ, ನಾನೂ ಬರ್ಲೇನು?" ಅಂದೆ. "ಹೊಂದ್ಕೊಂಡ್ ಹೋಗವ್ವಾ, ಮಂದಿ ಏನಂದಾರು" ಎಂದು ಹತ್ತಿದ. ಕಂಡಕ್ಟರ್ ಮರಿಗೂ ಟಿಕೆಟ್ ಕೇಳಿದ. ಅಪ್ಪ ತಕರಾರು ಮಾಡದೆ ತೆಗೆದುಕೊಂಡು, ಅದನ್ನು ಕಿಟಕಿ ಪಕ್ಕ ಕೂರಿಸಿದ. ಜಯಾ, ಆಗ ನನಗೆ ಆ ಮರಿಯನ್ನು ಕಂಡು ಎಷ್ಟು ಹೊಟ್ಟೆಕಿಚ್ಚಾಯಿತು ಗೊತ್ತೇನೇ? ನಾನಾಗಿಯೇ ಬಂದರೆ ಅಪ್ಪ ಒಳಗೆ ಕರೆಯುತ್ತಾನೋ ಇಲ್ಲವೋ, ಕೇಳಿ ಚಾಂದಬೀ ಕೈಯಲ್ಲೇ ಹೇಳಿ ಕಳಿಸು. ಫೋನು ಮಾತ್ರ ಮಾಡಬೇಡ.