ಮುಕಾದಮನ ಎಡಗೈ

ಹಳೇ ಹುಬ್ಬಳ್ಳಿ
ತಾ. ೧೧-೨-೧೯೬೨, ರವಿವಾರ

ಪ್ರೀತಿಯ ಮಗಳು ಉಡಚವ್ವನಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀ ಮಗಳೇ? ಕಾಲಿನ ಬಾವು ಇಳಿಯಿತೇ? ದಿನವೆಲ್ಲ ನಿಂತೇ ಕೆಲಸ ಮಾಡಿದರೆ ಯಾರ ಕಾಲಾದರೂ ಬಾತುಕೊಳ್ಳುತ್ತದೆ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ ಎಂದು ನರ್ಸಿಗೆ ನಾನು ಹೇಳಿಕೊಡಬೇಕಾಗಿದೆ. ಮುಂಬಯಿಯ ಸಪ್ಪೆ ಊಟಕ್ಕೆ ಇರಲಿ ಎಂದು ಗುರೆಳ್ಳು ಚಟ್ನಿಪುಡಿ ಕಳಿಸಿದ್ದೆ. ಮುಟ್ಟಿತೋ ಇಲ್ಲವೋ, ಒಂದು ಸಾಲು ಬರೆಯಲಿಲ್ಲ. ಹೋದ ತಿಂಗಳು ನೀನು ಬರೆದ ಪತ್ರದಲ್ಲಿ ಒತ್ತಕ್ಷರದ ತಪ್ಪು ನಾಲ್ಕು ಇದ್ದವು. ಇಪ್ಪತ್ತೈದು ವರ್ಷ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಷರ ತಿದ್ದಿದವಳ ಮಗಳು 'ಆಸ್ಪತ್ರೆ'ಯನ್ನೇ ತಪ್ಪು ಬರೆದರೆ ಹೇಗೆ? ದಿನವೂ ಅದರೊಳಗೇ ಇರುತ್ತೀಯಲ್ಲ.

ನಿನ್ನ ತಪ್ಪು ಹುಡುಕುತ್ತ ಕೂತದ್ದು ಯಾಕೆಂದರೆ, ಆ ಪತ್ರದ ಮುಖ್ಯ ಮಾತಿಗೆ ಉತ್ತರ ಬರೆಯಲು ನನಗೆ ಧೈರ್ಯ ಸಾಲಲಿಲ್ಲ. 'ಅವ್ವಾ, ನೀ ಒಬ್ಬಾಕಿ ಅಪ್ಪನ್ನ ಎಷ್ಟ ದಿನಾ ಎತ್ತತಿ? ಫೆಬ್ರುವರಿ ಮುಗಿಯೂದ್ರಾಗ ಎಲ್ಲಾ ಬಿಟ್ಟ ಬರತೇನಿ' ಎಂದು ಬರೆದಿದ್ದೀಯ. ನಿನ್ನ ನರ್ಸಿಂಗ್ ಕಲಿಕೆಗೆ ಇದು ಮೂರನೇ ವರ್ಷ. ಇನ್ನು ಹತ್ತು ತಿಂಗಳಿಗೆ ನಿನ್ನ ಕೈಗೆ ಸರ್ಟಿಫಿಕೇಟು. ಅದನ್ನು ಬಿಟ್ಟು ಬರುವಂತೆ ಮಾಡಿದವಳು ನಾನೇ. ಡಿಸೆಂಬರಿನಲ್ಲಿ 'ಬಂದುಬಿಡು' ಎಂದು ಬರೆದದ್ದು ನನ್ನ ಕೈ. ಅಲ್ಲಿಂದ ಇಲ್ಲಿಯವರೆಗೆ ಮನೆಯಲ್ಲಿ ಏನೇನಾಯಿತು ಎಂಬುದನ್ನೆಲ್ಲ ಬರೆಯುತ್ತೇನೆ. ಟ್ರಂಕು ಕಟ್ಟುವ ಮೊದಲು ಪೂರಾ ಓದು.

ದಸರೆಯ ಮರುವಾರ ಅಪ್ಪನಿಗೆ ಲಕ್ವಾ ಹೊಡೆದಾಗ ನೀನು ಎಂಟು ದಿನ ರಜೆ ಹಾಕಿ ಬಂದಿದ್ದೆ. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ದಿನ ಹೋದವು. ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು ಎಲ್ಲ ನೀನೇ ತೋರಿಸಿಕೊಟ್ಟೆ. ಎತ್ತುವುದು ಮಾತ್ರ ಬೇರೆಯೇ ಕಥೆ. ರೈಲ್ವೆ ವರ್ಕಶಾಪಿನಲ್ಲಿ ಬೋಗಿ ಎತ್ತುವ ಗ್ಯಾಂಗಿಗೆ ಇಪ್ಪತ್ತೆಂಟು ವರ್ಷ ಮುಕಾದಮನಾಗಿದ್ದ ಮನುಷ್ಯ. ಮೈ ಕರಗಿದರೂ ಎಲುಬು ಕರಗಿಲ್ಲ. ಮಂಚದಿಂದ ಕುರ್ಚಿಗೆ ನಾಲ್ಕು ಮೊಳ ದೂರ. ಅಷ್ಟು ದಾಟಿಸಲು ದಿನಾ ಮುಂಜಾನೆ ಓಣಿಯ ನಾಲ್ಕು ಜನರನ್ನು ಕರೆಯಬೇಕು. ಒಬ್ಬ 'ಎತ್ತು' ಎನ್ನುತ್ತಾನೆ, ಇನ್ನೊಬ್ಬ 'ತಡಿಯೋ' ಎನ್ನುತ್ತಾನೆ, ಮೂರನೆಯವನು ಅಷ್ಟರಲ್ಲಿ ಕಾಲು ಎಳೆದಿರುತ್ತಾನೆ. ಅಪ್ಪ ಎಡಗೈ ಮುಷ್ಟಿ ಬಿಗಿದು ಅವರ ಮುಖದ ಮುಂದೆ ಹಿಡಿಯುತ್ತಿದ್ದರು. 'ಮುಕಾದಮರಿಗೆ ಸಿಟ್ಟ ಭಾಳ ಆಗೇತಿ ಬಿಡ್ರಿ' ಎಂದು ಜನ ಬರುವುದು ಕಡಿಮೆಯಾಯಿತು. ಯಾರನ್ನು ದೂರಲಿ? ಅವರಿಗೂ ಅವರವರ ಹೊಟ್ಟೆಪಾಡು ಇದೆ.

ಡಿಸೆಂಬರಿನ ಆ ಮುಂಜಾನೆ ಯಾರೂ ಸಿಗಲಿಲ್ಲ. ಸಾಲೆಗೆ ಹೊತ್ತಾಗುತ್ತಿತ್ತು. ನಾನೇ ಕಂಕುಳಲ್ಲಿ ಕೈ ಹಾಕಿ ಎತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಮುಷ್ಟಿ ಬಿಗಿದು ನನ್ನ ಮುಖದ ಮುಂದೆ ಹಿಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ನನ್ನ ಮೇಲೆ ಕೈ ಎತ್ತದ ಮನುಷ್ಯ. ನಾನು ಬೆದರಿ ಹಿಂದೆ ಸರಿದೆ, ಇಬ್ಬರೂ ಫರಸಿಯ ಮೇಲೆ ಬಿದ್ದೆವು. ಅವರ ಭುಜ ಕಂದಿತು, ನನ್ನ ಸೊಂಟ ಹಿಡಿಯಿತು. ನಿನಗೆ ಪತ್ರ ಬರೆದದ್ದು ಅಂದು ಸಂಜೆಯೇ. ಬಿದ್ದದ್ದನ್ನು ಬರೆದೆ, ಮುಷ್ಟಿಯ ಮಾತು ಬರೆಯಲಿಲ್ಲ.

ನೀನು ಉತ್ತರ ಬರೆದ ಹಾಳೆಯ ಹಿಂದೆ ಒಂದು ಚಿತ್ರ ಬಿಡಿಸಿದ್ದೆ, ನೆನಪಿದೆಯೇ? ನಿಮ್ಮ ಆಸ್ಪತ್ರೆಗೆ ಪರದೇಶದಿಂದ ಬಂದ ಯಂತ್ರ, ಹಿಡಿಕೆ ಒತ್ತಿದರೆ ರೋಗಿಯನ್ನು ಜೋಳಿಗೆಯಲ್ಲಿ ಕೂರಿಸಿಕೊಂಡು ಮೇಲೆತ್ತುತ್ತದೆ ಎಂದು. ಅದನ್ನು ನಿನ್ನ ಮಕಬೂಲ ಕಾಕಾನಿಗೆ ತೋರಿಸಿದೆ. ಅಪ್ಪನ ಗ್ಯಾಂಗಿನಲ್ಲಿ ಖಲಾಸಿಯಾಗಿ ಸೇರಿದ ಮಕಬೂಲಸಾಬರು ಈಗ ಅಲ್ಲೇ ಫಿಟರ್. ಚಿತ್ರವನ್ನು ತಿರುವಿ ಮುರುವಿ ನೋಡಿ, 'ಇದರಾಗ ಹೊಸಾದೇನೈತ್ರಿ ಅಕ್ಕೋರ? ಬೋಗಿ ಬದಲಿ ಮುಕಾದಮರ ಅದಾರ, ಅಷ್ಟ' ಎಂದರು. ಅವರು ನಮ್ಮ ಕಟ್ಟೆಯ ಮೇಲೆ ಕೂತು ಹಾಗೆ ಹೇಳಿದಾಗ ನನಗೆ ಆ ದಿನಗಳೇ ಕಣ್ಣ ಮುಂದೆ ಬಂದವು. ನಾನು ಬುತ್ತಿ ಹಿಡಿದು ವರ್ಕಶಾಪಿನ ಗೇಟಿಗೆ ಹೋಗುತ್ತಿದ್ದೆ, ನೀನು ನನ್ನ ಸೆರಗು ಹಿಡಿದು ಬರುತ್ತಿದ್ದೆ, ಭೋಂಗಾ ಕೂಗಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಇಡೀ ಗ್ಯಾಂಗು ಹೊರಗೆ ಬಂದ ಮೇಲೂ ಚೀರಿಯೇ ಮಾತಾಡುತ್ತಿತ್ತು. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರೆ ನಮ್ಮ ರೊಟ್ಟಿ ಅವರಿಗೆ, ಅವರ ಚಪಾತಿ ನಿನಗೆ. ಆಗ ಮಕಬೂಲಸಾಬರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಈಗ ಗಡ್ಡ ಬೆಳ್ಳಗಾಗುತ್ತಿದೆ.

ಮೊದಲು ನಮ್ಮ ಮಾಳಿಗೆಯ ತೊಲೆಗೇ ಕಟ್ಟೋಣವೆಂದು ನೋಡಿದರು. ಗೆದ್ದಲು ಹತ್ತಿದ ತೊಲೆ, ಅಕ್ಕೋರ ಭಾರವನ್ನೂ ತಾಳದು ಎಂದರು. (ನನ್ನ ಭಾರದ ಮಾತು ಬೇಕಿರಲಿಲ್ಲ.) ಅವರ ಷಡ್ಡಕ ಕೆಲಸ ಮಾಡುವ ಅರಳೆ ಗಿರಣಿಯಲ್ಲಿ ಹಳೆಯ ಚೈನ್ ಪುಲ್ಲಿ ಒಂದು ಬಿದ್ದಿತ್ತು. ಸರಪಳಿ ಎಳೆದಷ್ಟು ಭಾರ ಏರುತ್ತದೆ, ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅದನ್ನು ತಿಕ್ಕಿ ಎಣ್ಣೆ ಹಾಕಿ, ಕಬ್ಬಿಣದ ಪೈಪಿನ ನಾಲ್ಕು ಕಾಲಿನ ಚೌಕಟ್ಟಿಗೆ ತೂಗುಹಾಕಿ, ಕಾಲುಗಳಿಗೆ ಗಾಲಿ ಕೂಡಿಸಿದರು. ಜೋಳಿಗೆ ಹೊಲಿದವಳು ಅವರ ಹೆಂಡತಿ ಕರೀಮಾಬಿ. ತಾಡಪತ್ರಿಯನ್ನು ಎರಡು ಪದರು ಮಾಡಿ ದಬ್ಬಣದಿಂದ ಹೊಲಿದಳು, ಕೈಗೆ ಬೊಬ್ಬೆ ಬಂದರೂ ಬಿಡಲಿಲ್ಲ. ಆದರೆ ನಿನ್ನ ಚಿತ್ರದಲ್ಲಿ ತೊಡೆಯ ಕೆಳಗೆ ಹಾಯುವ ಎರಡು ಪಟ್ಟಿ ಏನೆಂದು ಅವಳಿಗೆ ತಿಳಿಯಲಿಲ್ಲ. ಆರು ಮಕ್ಕಳನ್ನು ತೂಗಿದ ಕೈ ನೋಡು, ಅಚ್ಚುಕಟ್ಟಾಗಿ ಒಂದು ತೊಟ್ಟಿಲನ್ನೇ ಹೊಲಿದುಬಿಟ್ಟಳು.

ಅಂಗಳದಲ್ಲಿ ಒಂದು ಚೀಲ ಜೋಳ ಇಟ್ಟು ಎತ್ತಿದರು. ಏರಿತು, ನಿಂತಿತು, ಇಳಿಯಿತು. ಎಲ್ಲರೂ ಶಹಬ್ಬಾಸ್ ಎಂದರು. ಜೋಳಕ್ಕೆ ಹೆದರಿಕೆ ಇರುವುದಿಲ್ಲ, ನಾನು ಕೂರುತ್ತೇನೆ ಎಂದೆ. 'ಬ್ಯಾಡ್ರಿ ಅಕ್ಕೋರ, ಮಂದಿ ನೋಡತಾರ' ಎಂದಳು ಕರೀಮಾಬಿ. ನೋಡಲಿ ಎಂದು ಸೀರೆ ಬಿಗಿದು ಕೂತೆ. ಗೋಡೆಯಾಚೆಯಿಂದ ಅರ್ಧ ಓಣಿ ಇಣುಕಿತು. ಮಕಬೂಲಸಾಬರು ಯಾರೊಂದಿಗೋ ಮಾತಾಡುತ್ತಲೇ ಸರಪಳಿ ಎಳೆದರು. ಕಾಲು ನೆಲ ಬಿಟ್ಟಿತು. ಮೊಣಕಾಲು ಗದ್ದಕ್ಕೆ ಬಂದು, ಕನ್ನಡಕ ಜಾರಿ, ನಾನು ಗಾಳಿಯಲ್ಲಿ ಗಿರಕಿ ಹೊಡೆಯತೊಡಗಿದೆ. 'ನಿಲ್ಲಸ್ರಿ' ಎನ್ನಬೇಕು, ದನಿಯೇ ಹೊರಡಲಿಲ್ಲ. ಇಪ್ಪತ್ತೈದು ವರ್ಷ ವರ್ಗದಲ್ಲಿ ಒದರಿದ ಬಾಯಿ! ಹೇಳದೆ ಕೇಳದೆ ಕಾಲ ಕೆಳಗಿನ ನೆಲ ತೆಗೆದುಬಿಟ್ಟರೆ ಹೇಗಿರುತ್ತದೆಂದು ಆಗ ಗೊತ್ತಾಯಿತು. ಇಳಿದ ಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ದಿನಾ ಅವರನ್ನು ನಾವು ಹೀಗೇ ಎತ್ತಿದ್ದೆವು. ಕರೀಮಾಬಿ ತೊಟ್ಟಿಲು ಬಿಚ್ಚಿ, ನಿನ್ನ ಚಿತ್ರದಂತೆಯೇ ಪಟ್ಟಿ ಇಟ್ಟು ಮತ್ತೆ ಹೊಲಿದಳು.

ಕಳೆದ ಗುರುವಾರ ಸಂಜೆ ಅಪ್ಪನ ಸರದಿ. ನೀನು ಕಲಿಸಿದಂತೆ ಮಗ್ಗುಲಿಂದ ಮಗ್ಗುಲಿಗೆ ಹೊರಳಿಸಿ ಜೋಳಿಗೆಯನ್ನು ಬೆನ್ನ ಕೆಳಗೆ ತೂರಿಸಿ, ಪಟ್ಟಿಗಳನ್ನು ತೊಡೆಯ ಕೆಳಗೆ ತಂದು, ನಾಲ್ಕೂ ಕೊಂಡಿಗಳನ್ನು ಎರಡೆರಡು ಸಲ ಜಗ್ಗಿ ನೋಡಿದೆ. ಅಪ್ಪ ಎಡಗೈಯಿಂದ ಮಂಚದ ಪಟ್ಟಿ ಹಿಡಿದು ಬಿಡಲೊಲ್ಲರು. ಮಕಬೂಲಸಾಬರು ಸರಪಳಿಗೆ ಕೈ ಹಾಕಿದರು. 'ತಡೀರಿ. ಅವರು ಹ್ಞೂಂ ಅನ್ನೂತನಾ ಎಳೀಬ್ಯಾಡ್ರಿ' ಎಂದೆ. 'ಮುಕಾದಮರಿಗೆ ಮಾತ ಬರಂಗಿಲ್ಲಲ್ರಿ?' ಎಂದರು. 'ಆದ್ರೂ ಕಾಯೋಣು' ಎಂದೆ. ಕಾದೆವು. ಚಹಾ ಆರಿ ಹೋಯಿತು. ಅಪ್ಪ ಚೌಕಟ್ಟು ನೋಡಿದರು, ಪುಲ್ಲಿ ನೋಡಿದರು, ಕೊಂಡಿ ಒಂದೊಂದನ್ನೂ ನೋಡಿದರು. ಆಮೇಲೆ ಮಂಚ ಬಿಟ್ಟು, ಎಡಗೈ ಮೇಲೆತ್ತಿ, ತೋರುಬೆರಳನ್ನು ಗಾಳಿಯಲ್ಲಿ ತಿರುಗಿಸಿದರು.

ನಾನು ನೀರಿನ ತಂಬಿಗೆಗೆ ಕೈ ಹಾಕಿದೆ. ಬೆರಳು ತಿರುಗಿಸಿದರೆಂದರೆ ನೀರು ಬೇಕೆಂದೇ ನಾನು ಇಷ್ಟು ದಿನ ತಿಳಿದದ್ದು. ಬಾಯಿ ಬಿಗಿ ಹಿಡಿದರೆ ಗದರಿಸಿ ಕುಡಿಸಿದ್ದೂ ಉಂಟು. ಅಷ್ಟರಲ್ಲಿ ಮಕಬೂಲಸಾಬರ ಕೈ ತಾನಾಗಿಯೇ ಸರಪಳಿ ಎಳೆಯತೊಡಗಿತ್ತು. ಬೆರಳು ತಿರುಗಿದಷ್ಟು ಹೊತ್ತು ಎಳೆದರು. ಅಪ್ಪ ಮುಷ್ಟಿ ಬಿಗಿದರು, ಅವರು ನಿಂತರು. ಅಪ್ಪ ಕೈಯನ್ನು ಕುರ್ಚಿಯ ಕಡೆ ಬೀಸಿದರು, ನಾನೂ ಕರೀಮಾಬಿಯೂ ಚೌಕಟ್ಟನ್ನು ಮೆಲ್ಲಗೆ ತಳ್ಳಿದೆವು. ಅಂಗೈ ಕೆಳಗೆ ಮಾಡಿ ಒತ್ತಿದರು, ಮಕಬೂಲಸಾಬರು ಇಳಿಸಿದರು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. 'ಏನ್ರಿ ಇದು?' ಎಂದೆ. 'ಅಕ್ಕೋರ, ವರ್ಕಶಾಪಿನ್ಯಾಗ ಸಪ್ಪಳಕ್ಕ ಒಬ್ಬರ ಮಾತ ಒಬ್ಬರಿಗೆ ಕೇಳಂಗಿಲ್ಲ. ಅಲ್ಲಿ ಎಲ್ಲಾ ಕೈಲೇ ಹೇಳೂದು. ಬೆರಳ ತಿರುವಿದ್ರ ಏರಸು, ಮುಷ್ಟಿ ಬಿಗದ್ರ ನಿಲ್ಲಸು. ಅದು ಸಿಟ್ಟಲ್ರಿ.' ಆಮೇಲೆ ಅವರೂ ತಲೆ ಬಗ್ಗಿಸಿದರು. 'ನಾ ಬರೂದು ಡ್ಯೂಟಿ ಮುಗಿಸಿ, ಎತ್ತೂದು ನೀವು ಮುಂಜಾನೆ. ಒಂದ ಸಲ ನೋಡಿದ್ರ ಹೇಳತಿದ್ದೆ' ಎಂದರು.

ಉಡಚವ್ವಾ, ನಾನು ಅಲ್ಲೇ ಫರಸಿಯ ಮೇಲೆ ಕೂತು ಅತ್ತೆ. ನೀನು ಏಳು ವರ್ಷದವಳಿದ್ದಾಗ ದಸರೆಯ ಖಂಡೇಪೂಜೆಯ ದಿನ ಮನೆಮಂದಿಯನ್ನೆಲ್ಲ ವರ್ಕಶಾಪಿನೊಳಗೆ ಬಿಟ್ಟಿದ್ದರು. ನಮಗೆ ತೋರಿಸಲೆಂದು ಒಂದು ಬೋಗಿ ಎತ್ತಿದರು. ಅಪ್ಪ ಮುಂದೆ ನಿಂತು ಬೆರಳು ತಿರುಗಿಸುತ್ತಿದ್ದರು, ಅಷ್ಟು ದೊಡ್ಡ ಗಾಡಿ ಮೇಲೇಳುತ್ತಿತ್ತು. 'ಅವ್ವಾ, ಅಪ್ಪ ಒಂದ ಬೆರಳಲೇ ಗಾಡಿ ಎತ್ತಾಕತ್ತಾನ!' ಎಂದು ನೀನು ಚೀರಿದ್ದೆ. ಗ್ಯಾಂಗಿನವರೆಲ್ಲ ನಕ್ಕು ನಿನಗೆ ಚುರುಮುರಿ ಕೊಡಿಸಿದ್ದರು. ಆ ಬೆರಳನ್ನು ಅಂದು ನಾನೂ ನೋಡಿದ್ದೆ. ಏಳು ವರ್ಷದ ಹುಡುಗಿ ಓದಿದ್ದನ್ನು ಐವತ್ತರ ಅಕ್ಕೋರಿಗೆ ಓದಲಾಗಲಿಲ್ಲ. ಇಷ್ಟು ದಿನ ಮಂಚದ ಮೇಲಿಂದ ಅವರು ಎತ್ತು, ತಡಿ ಎಂದು ಹೇಳುತ್ತಲೇ ಇದ್ದರು, ನಾನು ನೀರು ಕುಡಿಸುತ್ತಲೇ ಇದ್ದೆ.

ಈಗ ಮುಂಜಾನೆ ನಾನೂ ಕರೀಮಾಬಿಯೂ ಇಬ್ಬರೇ ಸಾಕು. ಎತ್ತುವಾಗ ಗಾಲಿಗೆ ಇಟ್ಟಿಗೆ ಅಡ್ಡ ಕೊಟ್ಟು, ಕೊಂಡಿ ಜಗ್ಗಿ ನೋಡಿ, ಅವರ ಬೆರಳಿಗಾಗಿ ಕಾಯುತ್ತೇವೆ. ನಿನ್ನೆ ನಾನು ಸರಪಳಿ ಸೊಟ್ಟ ಎಳೆದೆನೆಂದು ಹೊಸ ಖಲಾಸಿಯನ್ನು ನೋಡಿದಂತೆ ನನ್ನನ್ನು ನೋಡಿದರು. ಆ ನೋಟ ಕಂಡು ಎಷ್ಟು ದಿನವಾಗಿತ್ತು! ಸಂಜೆ ಬಾಗಿಲಲ್ಲಿ ಕೂತು, ಸೈಕಲ್ ಮೇಲೆ ಮನೆಗೆ ಹೋಗುವ ವರ್ಕಶಾಪಿನವರ ನಮಸ್ಕಾರ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನದ ಭೋಂಗಾ ಕೇಳಿದರೆ ನನಗೆ ಈಗಲೂ ಬುತ್ತಿ ಕಟ್ಟುವ ನೆನಪಾಗುತ್ತದೆ. ಕಟ್ಟುವುದಿಲ್ಲ, ತಾಟಿಗೇ ಬಡಿಸುತ್ತೇನೆ.

ಅಪ್ಪನ ಆಶೀರ್ವಾದ ಈಗ ಎಡಗೈಯದ್ದು, ಅದಕ್ಕೆ ಬಲ ಕಡಿಮೆಯೆಂದು ತಿಳಿಯಬೇಡ. ಮಕಬೂಲ ಕಾಕಾ, ಕರೀಮಾಬಿ ನಿನ್ನನ್ನು ತುಂಬ ಕೇಳಿದ್ದಾರೆ. ಹೊಟ್ಟೆ ತುಂಬ ಉಣ್ಣು, ಕೂದಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ಅವ್ವ,
ಮುತ್ತವ್ವ

ತಾ. ಕ.: ಟಪಾಲಿಗೆ ಹಾಕಲು ಮಕಬೂಲಸಾಬರು ಬಾಗಿಲಲ್ಲಿ ನಿಂತಿದ್ದಾರೆ, ಲಗುಬಗೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಮೇಟ್ರನ್ ಬಾಯಿಯವರ ಪತ್ರ ಜನವರಿ ಇಪ್ಪತ್ತಕ್ಕೇ ಅಪ್ಪನ ಹೆಸರಿಗೆ ಬಂದಿತ್ತು. ಮಗಳು ಕಲಿಯುವುದನ್ನು ಬಿಡುತ್ತೇನೆ ಎನ್ನುತ್ತಾಳೆ, ಅದಕ್ಕೆ ಪಾಲಕರ ಒಪ್ಪಿಗೆ ಇಲ್ಲವೆಂದು ಫೆಬ್ರುವರಿ ಹದಿನೈದರೊಳಗೆ ತಿಳಿಸಿದರೆ ಅವಳ ಜಾಗ ಉಳಿಸುತ್ತೇನೆ ಎಂದು ಬರೆದಿದ್ದರು. ಅದನ್ನು ನಾನು ಮುಚ್ಚಿಟ್ಟೆ. ಉತ್ತರ ಹೋಗದಿದ್ದರೆ ನೀನು ಬಂದೇ ಬರುತ್ತೀ ಎಂದು. ಅಪ್ಪನನ್ನು ಎತ್ತಲಿಕ್ಕೆ ಅಲ್ಲ ಮಗಳೇ. ಮೂವತ್ತು ವರ್ಷ ಜೊತೆಗಿದ್ದವರು ನನ್ನನ್ನು ಹೊಡೆಯಲು ಬಂದರೆಂದು ತಿಳಿದು, ಈ ಮನೆಯಲ್ಲಿ ಒಬ್ಬಳೇ ಇರಲು ನನಗೆ ಆಗಲಿಲ್ಲ. ಇಂದು ಆ ಪತ್ರವನ್ನು ಅಪ್ಪನಿಗೆ ಓದಿ ಹೇಳಿ, ಒಪ್ಪಿಗೆ ಇಲ್ಲವೆಂದು ಬಾಯಿಯವರಿಗೆ ಬರೆದು, ಇದರ ಜೊತೆಗೇ ಕಳಿಸುತ್ತಿದ್ದೇನೆ. ಸಿಟ್ಟು ಬಂದರೆ ಬೈದು ಬರೆ. ಆದರೆ ಬರಬೇಡ. ಬಂದು ಬಾಗಿಲಲ್ಲಿ ನಿಂತರೆ ನಿನ್ನನ್ನು ತಿರುಗಿ ಕಳಿಸುವಷ್ಟು ಗಟ್ಟಿ ನಾನಿಲ್ಲ.